ನೋಟ್ಸ್ ಕೊಟ್ಟರೆ ರ್‍ಯಾಂಕ್ ಹೋದೀತೇ?

ಪಿಯುಸಿ ಮುಗಿಸಿದವರು ನೇರವಾಗಿ ಐಐಎಂ ಸೇರುವ ದಾರಿ ತೆರೆದದ್ದು 2011ರಲ್ಲಿ. ಇಂದೋರ್ ಐಐಎಂ ಆ ವರ್ಷ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸ್, ಅಂದರೆ ಐಪಿಎಂ, ಶುರು ಮಾಡಿತು. ಆಮೇಲೆ ರೋಹ್ಟಕ್, ರಾಂಚಿ, ಜಮ್ಮು, ಬೋಧಗಯಾ ಐಐಎಂಗಳೂ ಅದೇ ಹಾದಿ ಹಿಡಿದವು. ಈ ಸಲ ಗದಗ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಸೀಟು, ಫೀಸಿನ ವಿಚಾರ ಕಡಿಮೆ. ಪಕ್ಕದಲ್ಲಿ ಕೂತವನನ್ನು ಎದುರಾಳಿ ಎನ್ನಬೇಕೋ, ಜೊತೆಗಾರ ಎನ್ನಬೇಕೋ ಎಂಬ ಗೊಂದಲವೇ ಹೆಚ್ಚು. ಆಯ್ದ ಏಳು ಪತ್ರಗಳಿಗೆ ನಿರ್ವಹಣಾಶಾಸ್ತ್ರದ ಹಿರಿಯ ಅಧ್ಯಾಪಕರೊಬ್ಬರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಸರ್, ಅಪ್ಪಾಜಿ ಮಗ್ಗದಲ್ಲಿ ಸೀರೆ ನೇಯುತ್ತಾರೆ. ನಾನು ಹೈಸ್ಕೂಲಿನವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಹೊರರಾಜ್ಯದ ಹೆಸರಾಂತ ಸಂಸ್ಥೆಯೊಂದರಲ್ಲಿ ಮ್ಯಾನೇಜ್‌ಮೆಂಟ್ ಪದವಿಯ ಮೊದಲ ವರ್ಷ. ಇಲ್ಲಿ ರಿಲೇಟಿವ್ ಗ್ರೇಡಿಂಗ್ ಇದೆ. ನನಗೆ 80 ಬಂದರೂ ಉಳಿದವರಿಗೆ 85 ಬಂದರೆ ನನ್ನ ಗ್ರೇಡ್ ಇಳಿಯುತ್ತದೆ. ಗಣಿತದಲ್ಲಿ ನಾನು ಚಲೋ ಇದ್ದೇನೆ. ರೂಮ್‌ಮೇಟ್ ಮತ್ತು ಇನ್ನಿಬ್ಬರು ಪರೀಕ್ಷೆಯ ಹಿಂದಿನ ರಾತ್ರಿ ಬಂದು ಹೇಳಿಕೊಡು ಅನ್ನುತ್ತಾರೆ. ಹೇಳಿಕೊಟ್ಟರೆ ನಿನಗೇ ಕುತ್ತು ಎಂದು ಸೀನಿಯರ್ ಒಬ್ಬರು ಎಚ್ಚರಿಸಿದರು. ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಏನು ಮಾಡಲಿ?
— ಬೆಟಗೇರಿ

ಉತ್ತರ: ತಂಗೀ, ನಿನ್ನ ಸೀನಿಯರ್ ಅರ್ಧಕ್ಕೆ ಬಿಟ್ಟ ಲೆಕ್ಕವನ್ನು ಪೂರ್ತಿ ಮಾಡೋಣ. ಸೆಕ್ಷನ್‌ನಲ್ಲಿ 60 ಜನ, ಮೇಲಿನ 9 ಮಂದಿಗೆ ಎ ಗ್ರೇಡ್ ಎಂದಿಟ್ಟುಕೋ. ನೀವು ನಾಲ್ವರು ಕೂಡಿ ಓದಿದರೆ ಗುಂಪಿನೊಳಗೆ ನಿನ್ನನ್ನು ದಾಟಬಹುದಾದವರು ಹೆಚ್ಚೆಂದರೆ ಮೂವರು. ಉಳಿದ 56 ಜನ ಹೊರಗಿದ್ದಾರೆ. ಕೂಡಿ ಓದಿದ್ದರಿಂದ ನಾಲ್ವರಿಗೂ ಐದೈದು ಅಂಕ ಹೆಚ್ಚು ಬಂದರೆ, ಆ 56ರಲ್ಲಿ ಎಷ್ಟೋ ಜನ ನಿಮ್ಮ ಹಿಂದೆ ಬೀಳುತ್ತಾರೆ. ಬಾಗಿಲು ಹಾಕಿಕೊಂಡು ಒಬ್ಬಳೇ ಕೂತರೆ ಮೂವರ ಭಯ ತಪ್ಪೀತು, 56 ಜನರೆದುರು ಸಿಗಬಹುದಾದ ಲಾಭವೂ ತಪ್ಪೀತು. ರಿಲೇಟಿವ್ ಗ್ರೇಡಿಂಗ್ ಇದ್ದ ಕಡೆ ಸಣ್ಣ ಗುಂಪು ಕಟ್ಟಿಕೊಳ್ಳುವುದೇ ಜಾಣತನ. ಇಡೀ ಸೆಕ್ಷನ್ನಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನಿನ್ನ ನೋಟ್ಸ್ ಹಾಕಿದರೆ ಈ ಲಾಭ ಉಳಿಯುವುದಿಲ್ಲ. ಅದು ದಾನ. ಕೈಲಾದರೆ ಮಾಡು, ಆದರೆ ದಾನವೆಂದು ತಿಳಿದೇ ಮಾಡು.

ತೊಂದರೆ ಇರುವುದು ಹೇಳಿಕೊಡುವುದರಲ್ಲಿ ಅಲ್ಲ, ಹೇಳಿಕೊಡುವ ಹೊತ್ತಿನಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ನಿನ್ನದು. ಆ ರಾತ್ರಿ ಯಾರೂ ಬಾಗಿಲು ಬಡಿಯಬಾರದು ಎಂದು ಈಗಲೇ ನಕ್ಕೊಂಡು ಹೇಳಿಬಿಡು. ಬದಲಿಗೆ ಭಾನುವಾರ ಬೆಳಿಗ್ಗೆ ಎರಡು ತಾಸು ಗೊತ್ತುಮಾಡು. ಒಂದು ತಾಸು ನೀನು ಸಂಭವನೀಯತೆಯ ಲೆಕ್ಕ ಹೇಳಿಕೊಡು, ಇನ್ನೊಂದು ತಾಸು ಅವರು ನಿನ್ನ ಇಂಗ್ಲಿಷ್ ಪ್ರೆಸೆಂಟೇಶನ್ ಕೇಳಿ ತಿದ್ದಲಿ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಈ ವಿನಿಮಯ ಬೇಕೇ ಬೇಕು. ಕೇಳಲು ಸಂಕೋಚ ಬೇಡ, ನೀನೂ ಕೊಡುತ್ತಿದ್ದೀಯಲ್ಲ.

ಪ್ರಶ್ನೆ: ನಾನೂ ನನ್ನ ಗೆಳೆಯನೂ ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ. ಇಬ್ಬರೂ ಐಪಿಎಂ ಪ್ರವೇಶ ಪರೀಕ್ಷೆ ಐಪಿಮ್ಯಾಟ್ ಬರೆಯಬೇಕೆಂದು ಒಟ್ಟಿಗೆ ಓದುತ್ತಿದ್ದೆವು. ‘ಸೀಟ ಇರೋದ ಇಷ್ಟ. ಅವಗ ಹೇಳಿಕೊಟ್ಟರ ನಿನಗೇನು ಉಳೀತದ?’ ಎಂದು ಸೋದರಮಾವ ಗದರಿದ ಮೇಲೆ ಅವನ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಮಾಡಿದ್ದು ಸರಿಯೇ?
— ಮುಂಡರಗಿ

ಉತ್ತರ: ತಮ್ಮಾ, ಮಾವನವರ ಕಾಳಜಿ ದೊಡ್ಡದು, ಲೆಕ್ಕ ಮಾತ್ರ ತಪ್ಪು. ಈ ಪರೀಕ್ಷೆಯನ್ನು ದೇಶದಾದ್ಯಂತ ಸಾವಿರಾರು ಮಂದಿ ಬರೆಯುತ್ತಾರೆ. ಅವರಲ್ಲಿ ನಿನ್ನ ಗೆಳೆಯ ಒಬ್ಬ. ಅವನು ಹಿಂದೆ ಬಿದ್ದರೆ ನಿನಗೆ ಸೀಟು ಸಿಗುತ್ತದೆಂಬ ಖಾತ್ರಿ ಎಲ್ಲಿದೆ? ಅವನು ಜೊತೆಗಿಲ್ಲದಿದ್ದರೆ ಮುಂಡರಗಿಯಲ್ಲಿ ನಿನ್ನ ತಪ್ಪು ಹಿಡಿಯುವವರು ಯಾರೂ ಇರುವುದಿಲ್ಲ, ಇದಂತೂ ಖಾತ್ರಿ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ 1970ರ ದಶಕದಲ್ಲಿ ಒಂದು ಶೋಧ ನಡೆಸಿದರು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ಜನಾಂಗದ ಜಾಣ ಮಕ್ಕಳೂ ಯಾಕೆ ಸೋಲುತ್ತಾರೆ, ಚೀನೀ ಮೂಲದ ಮಕ್ಕಳು ಯಾಕೆ ಗೆಲ್ಲುತ್ತಾರೆ ಎಂದು ತಿಳಿಯಲು ಅವರ ಬೆನ್ನು ಹತ್ತಿ, ಓದುವ ಜಾಗಗಳಿಗೇ ಹೋಗಿ ನೋಡಿದರು. ಸೋಲುತ್ತಿದ್ದವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಹೆಚ್ಚಿನವರು ಒಂಟಿಯಾಗಿ. ಗೆಲ್ಲುತ್ತಿದ್ದವರು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಸಂಜೆ ಕೂಡಿ ಅಡುಗೆ ಮಾಡಿಕೊಂಡು ಉಂಡು, ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಆಮೇಲೆ ಟ್ರೈಸ್‌ಮನ್ ಹಿಂದುಳಿದವರಿಗೆ ಪ್ರತ್ಯೇಕ ಪಾಠ ಇಡಲಿಲ್ಲ. ಎಲ್ಲರನ್ನೂ ಕೂಡಿಸಿ ಕಠಿಣ ಲೆಕ್ಕಗಳನ್ನೇ ಕೊಟ್ಟರು. ಫಲಿತಾಂಶ ಸುಧಾರಿಸಿತು.

ಮೊದಲು ಒಂಟಿಯಾಗಿ, ಆಮೇಲೆ ಕೂಡಿ: ಈ ಕ್ರಮ ತಪ್ಪಬಾರದು. ಪುಸ್ತಕ ತೆರೆಯುವ ಮೊದಲೇ ಕೂಡಿದರೆ ಅದು ಹರಟೆಯಾಗುತ್ತದೆ. ಇಂದೋರ್‌ನ ಪರೀಕ್ಷೆಯಲ್ಲಿ ಗಣಿತದ ಬಹುಆಯ್ಕೆ, ಗಣಿತದ ಕಿರು ಉತ್ತರ, ಇಂಗ್ಲಿಷ್ ಎಂದು ಮೂರು ಭಾಗ. ಪ್ರತಿ ಭಾಗಕ್ಕೆ 40 ನಿಮಿಷ, ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗದು. ಆದ್ದರಿಂದ ಇಬ್ಬರೂ ಗಡಿಯಾರ ಇಟ್ಟುಕೊಂಡು ಒಂದೇ ಪ್ರಶ್ನೆಪತ್ರಿಕೆ ಬರೆಯಿರಿ. ಅದಲುಬದಲು ಮಾಡಿಕೊಂಡು ತಿದ್ದಿರಿ. ಎಲ್ಲಿ ಇಬ್ಬರ ಉತ್ತರ ಬೇರೆಬೇರೆಯೋ ಅಲ್ಲಿ ಮಾತ್ರ ವಾದ ಮಾಡಿರಿ. ಇವತ್ತೇ ಸಂಜೆ ಅವನ ಮನೆಗೆ ಹೋಗು.

ಪ್ರಶ್ನೆ: ನಮ್ಮ ಗ್ರೂಪ್ ಪ್ರಾಜೆಕ್ಟಿನಲ್ಲಿ ಆರು ಜನ. ಕೆಲಸ ಮಾಡುವವರು ಇಬ್ಬರು, ಪಿಪಿಟಿಯ ಮೊದಲ ಪುಟದಲ್ಲಿ ಹೆಸರು ಆರು. ಕೊನೆಯ ರಾತ್ರಿ ಮೂರು ಗಂಟೆವರೆಗೆ ನಾನೇ ಕೂತು ಮುಗಿಸಬೇಕು. ಅಂಕ ಎಲ್ಲರಿಗೂ ಒಂದೇ. ಪ್ರೊಫೆಸರ್‌ಗೆ ಹೇಳಿದರೆ ಚಾಡಿಕೋರ ಅನ್ನುತ್ತಾರೆ, ಹೇಳದಿದ್ದರೆ ಹೊಟ್ಟೆ ಉರಿಯುತ್ತದೆ.
— ಶಿರಹಟ್ಟಿ

ಉತ್ತರ: ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ಎಂಬ ಕೃಷಿ ಇಂಜಿನಿಯರ್ ಜನರಿಗೆ ಹಗ್ಗ ಕೊಟ್ಟು ಎಳೆಸಿ, ಎಷ್ಟು ಬಲ ಬೀಳುತ್ತದೆಂದು ಅಳೆದರು. ಜನ ಹೆಚ್ಚಿದಷ್ಟೂ ತಲಾ ಬಲ ಇಳಿಯಿತು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಸುಮಾರು ಅರ್ಧಕ್ಕೆ ಬಂದಿತ್ತು. ಇದಕ್ಕೆ ಎರಡು ಕಾರಣ: ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ, ಯಾರು ಎಷ್ಟು ಎಳೆದರೆಂಬುದು ಯಾರಿಗೂ ಕಾಣುವುದಿಲ್ಲ. ನಿಮ್ಮ ಆರು ಜನರ ಕಥೆಯೂ ಇದೇ. ಆ ನಾಲ್ವರು ಹುಟ್ಟಾ ಸೋಮಾರಿಗಳು ಆಗಿರಬೇಕಿಲ್ಲ. ಅವರ ಪಾಲಿನ ಕೆಲಸ ಎಲ್ಲಿಯೂ ಬೇರೆಯಾಗಿ ಕಾಣಿಸುತ್ತಿಲ್ಲ, ಅಷ್ಟೆ.

ಆದ್ದರಿಂದ ಮೊದಲ ದಿನವೇ ಒಂದು ಹಾಳೆ ಮಾಡಿ. ಯಾರು, ಯಾವ ಕೆಲಸ, ಯಾವ ತಾರೀಖಿಗೆ. ‘ಮಾರುಕಟ್ಟೆ ಅಧ್ಯಯನ: ಮೂವರು’ ಎಂದು ಬರೆಯಬೇಡಿ. ‘ಹತ್ತು ಕಿರಾಣಿ ಅಂಗಡಿಗಳ ಸಂದರ್ಶನ: ಇಂಥವರು, ಶುಕ್ರವಾರ’ ಎಂದು ಬರೆಯಿರಿ. ವರದಿಯನ್ನು ಎಲ್ಲರೂ ತಿದ್ದಬಲ್ಲ ಆನ್‌ಲೈನ್ ಕಡತದಲ್ಲೇ ಬರೆಯಿರಿ. ಯಾರು ಯಾವಾಗ ಏನು ಬರೆದರೆಂಬುದನ್ನು ಅದೇ ದಾಖಲಿಸುತ್ತದೆ. ಅರ್ಧ ದಾರಿಯಲ್ಲಿ ಆರೂ ಜನ ಪ್ರೊಫೆಸರ್ ಬಳಿ ಹೋಗಿ ಆ ಹಾಳೆಯನ್ನೇ ತೋರಿಸಿ ಸಲಹೆ ಕೇಳಿ. ಆಗ ಅದು ಚಾಡಿಯಾಗುವುದಿಲ್ಲ, ಪ್ರಗತಿ ವರದಿಯಾಗುತ್ತದೆ. ಖಾಲಿ ಉಳಿದ ಸಾಲುಗಳು ತಾವೇ ಮಾತಾಡುತ್ತವೆ. ಸದಸ್ಯರು ಪರಸ್ಪರ ಅಂಕ ಕೊಡುವ ಪದ್ಧತಿ ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ತರುವಂತೆ ಕೇಳಿ. ಮುಂದಿನ ಸಲ ನಾಲ್ಕೇ ಜನರ ಗುಂಪು ಸಾಧ್ಯವೇ ಎಂದೂ ವಿಚಾರಿಸಿ.

ಇನ್ನು ನಿನಗೂ ಒಂದು ಮಾತು. ಬೇರೆಯವರು ಮಾಡಿದ ಸ್ಲೈಡನ್ನು ‘ಇದು ಸರಿ ಬಂದಿಲ್ಲ’ ಎಂದು ನೀನೇ ಅಳಿಸಿ ಬರೆಯುತ್ತಿದ್ದೀಯಾ? ಎರಡು ಸಲ ಹಾಗಾದರೆ ಮೂರನೇ ಸಲ ಯಾರೂ ಮಾಡುವುದಿಲ್ಲ. ಎಲ್ಲ ನನ್ನಿಂದಲೇ ಆಗಬೇಕು ಅನ್ನುವವನ ಸುತ್ತ ಕೈಕಟ್ಟಿ ಕೂರುವವರು ಹೆಚ್ಚು.

ಪ್ರಶ್ನೆ: ಸಾಹೇಬ್ರ, ನಂದು ಬೀಜ-ಗೊಬ್ಬರದ ಅಂಗಡಿ. ಮಗನ್ನ ಸಾಲಾ ಮಾಡಿ ದೊಡ್ಡ ಕಾಲೇಜಿಗೆ ಕಳಿಸೇನಿ. ಎರಡನೇ ವರ್ಷ. ಫೋನ್ ಮಾಡಿದಾಗೆಲ್ಲ ‘ಕ್ಲಬ್ ಮೀಟಿಂಗ್ ಐತಿ, ಕೇಸ್ ಕಾಂಪಿಟಿಷನ್ ಐತಿ, ಟೀಮ್ ಜೋಡಿ ಅದೀನಿ’ ಅಂತಾನ. ಮಾರ್ಕ್ಸ್ ಇಳಿದಾವ. ಗೆಳೆಯರ ಸಂಗದಾಗ ಹಾಳಾದನೇನೋ ಅಂತ ಹೆದರಿಕಿ.
— ಲಕ್ಷ್ಮೇಶ್ವರ

ಉತ್ತರ: ಅಣ್ಣಾರೇ, ನಿಮ್ಮ ಬಜಾರವನ್ನೇ ನೋಡಿ. ಎದುರಿನ ಅಂಗಡಿಯವರೂ ನೀವೂ ಗಿರಾಕಿಗಾಗಿ ಪೈಪೋಟಿ ನಡೆಸುತ್ತೀರಿ. ಆದರೆ ರೈತ ಕೇಳಿದ ಔಷಧಿ ನಿಮ್ಮಲ್ಲಿ ಮುಗಿದಿದ್ದರೆ ಹುಡುಗನನ್ನು ಕಳಿಸಿ ಅವರಿಂದಲೇ ತರಿಸಿಕೊಡುತ್ತೀರಿ. ನಿಮ್ಮ ಮಗ ಕಲಿಯುತ್ತಿರುವುದು ಇದೇ ವ್ಯವಹಾರ.

ಕೇಸ್ ಕಾಂಪಿಟಿಷನ್ ಎಂದರೆ ಕಂಪನಿಯೊಂದು ತನ್ನ ನಿಜವಾದ ಸಮಸ್ಯೆ ಮುಂದಿಡುತ್ತದೆ. ಹಳ್ಳಿ ಅಂಗಡಿಗಳಲ್ಲಿ ನಮ್ಮ ಮಾಲು ಯಾಕೆ ಓಡುತ್ತಿಲ್ಲ ಎಂಬಂಥದ್ದು. ಮೂರು-ನಾಲ್ಕು ಹುಡುಗರ ತಂಡಗಳು ಕೆಲವೇ ದಿನದಲ್ಲಿ ಅಂಕಿಅಂಶ ಕೂಡಿಸಿ ಪರಿಹಾರ ಹೇಳಬೇಕು. ತೀರ್ಪುಗಾರರ ಎದುರು ನಿಂತು ಸಮರ್ಥಿಸಬೇಕು. ತಂಡದ ಒಳಗೆ ಸಹಕಾರ, ತಂಡದ ಹೊರಗೆ ಸ್ಪರ್ಧೆ. ನೌಕರಿ ಕೊಡಲು ಬರುವವರು ಇದನ್ನು ಮೆಚ್ಚುತ್ತಾರೆ, ನಿಜ.

ಆದರೆ ನಿಮ್ಮ ಹೆದರಿಕೆಯೂ ಸುಳ್ಳಲ್ಲ. ಎಷ್ಟೋ ಕಂಪನಿಗಳು ಮೊದಲ ಜರಡಿ ಹಿಡಿಯುವುದು ಅಂಕದಿಂದಲೇ. ಅಲ್ಲಿ ಬಿದ್ದವನ ಕಪ್, ಸರ್ಟಿಫಿಕೇಟು ಯಾರೂ ನೋಡುವುದಿಲ್ಲ. ಮಗ ಇಂದೋರ್ ಮಾದರಿಯ ಐಪಿಎಂ ಓದುತ್ತಿದ್ದರೆ ಇನ್ನೂ ಒಂದು ಮಾತಿದೆ. ನಾಲ್ಕನೇ ವರ್ಷಕ್ಕೆ ಹೋದಾಗ ಕ್ಯಾಟ್ ಪರೀಕ್ಷೆ ಗೆದ್ದು ಬಂದ ಎಂಬಿಎ ವಿದ್ಯಾರ್ಥಿಗಳ ಜೊತೆ ಕೂಡಿ ಕೂರಬೇಕು. ಅವರಲ್ಲಿ ಕೆಲವರು ನೌಕರಿ ಮಾಡಿ ಬಂದವರು. ಆಗ ಮೊದಲ ಮೂರು ವರ್ಷದ ಅಂಕವೂ ಬೇಕು, ಬೆನ್ನಿಗೆ ನಿಲ್ಲುವ ಗೆಳೆಯರೂ ಬೇಕು.

ಮುಂದಿನ ಸಲ ಫೋನ್ ಮಾಡಿದಾಗ ‘ಮಾರ್ಕ್ಸ್ ಎಷ್ಟು?’ ಎಂದು ಶುರು ಮಾಡಬೇಡಿ. ಮೂರು ಪ್ರಶ್ನೆ ಕೇಳಿ. ಎಷ್ಟು ಕ್ಲಬ್‌ನಲ್ಲಿ ಇದ್ದೀ? ಅಲ್ಲಿ ನಿನ್ನ ಪಾಲಿನ ಕೆಲಸ ಏನು? ಯಾವ ವಿಷಯದಲ್ಲಿ ಅಂಕ ಇಳಿದವು, ಅದಕ್ಕೆ ಯಾರ ಸಹಾಯ ತಗೊಂಡಿ? ಕ್ಲಬ್ ಒಂದೆರಡು ಇದ್ದು, ಕೆಲಸ ಏನೆಂದು ಸ್ಪಷ್ಟವಾಗಿ ಹೇಳಿದರೆ ಹುಡುಗ ದಾರಿಯಲ್ಲೇ ಇದ್ದಾನೆ. ಐದಾರು ಹೆಸರು ಹೇಳಿ ಕೆಲಸ ಹೇಳಲು ತಡವರಿಸಿದರೆ ಎರಡು ಇಟ್ಟುಕೊಂಡು ಉಳಿದದ್ದು ಬಿಡು ಎನ್ನಿ. ಓಣಿಯ ಇನ್ನೊಬ್ಬರ ಮಗನ ಅಂಕವನ್ನು ಮಾತ್ರ ಮಾತಿನಲ್ಲಿ ತರಬೇಡಿ.

ಪ್ರಶ್ನೆ: ಇಂಟರ್ನ್‌ಶಿಪ್‌ಗೆಂದು ನಾನು ಕೂಡಿಸಿಟ್ಟ ಇಂಟರ್ವ್ಯೂ ಪ್ರಶ್ನೆಗಳ ಫೈಲು, ಸೀನಿಯರ್‌ಗಳ ಪರಿಚಯ, ತಿದ್ದಿದ ಸಿವಿ, ಎಲ್ಲವನ್ನೂ ಗೆಳೆಯನೊಬ್ಬ ಪಡೆದುಕೊಂಡ. ಅವನಿಗೆ ಒಂದು ಕಂಪನಿಯ ಅರ್ಜಿ ಲಿಂಕ್ ಸಿಕ್ಕಾಗ ನನಗೆ ತಿಳಿಸಲೇ ಇಲ್ಲ. ಕೊನೆಯ ದಿನಾಂಕ ದಾಟಿದ ಮೇಲೆ ಗೊತ್ತಾಯಿತು. ಇನ್ನು ಯಾರಿಗೂ ಏನೂ ಕೊಡಬಾರದು ಅನ್ನಿಸಿದೆ.
— ಗದಗ

ಉತ್ತರ: ಒಬ್ಬ ಮಾಡಿದ್ದಕ್ಕೆ ಎಲ್ಲರಿಗೂ ಶಿಕ್ಷೆ ಬೇಡ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಆ್ಯಕ್ಸೆಲ್‌ರಾಡ್ ಹಿಂದೊಮ್ಮೆ ಕಂಪ್ಯೂಟರ್ ಪ್ರೋಗ್ರಾಮುಗಳ ನಡುವೆ ಪಂದ್ಯ ಏರ್ಪಡಿಸಿದ್ದರು. ಪ್ರತಿ ಸರದಿಯಲ್ಲೂ ಎದುರಿನವನಿಗೆ ಸಹಕರಿಸಬೇಕೋ, ಕೈಕೊಡಬೇಕೋ ಎಂದು ನಿರ್ಧರಿಸುವುದೇ ಆಟ. ಒಂದೇ ಸಲದ ಆಟವಾದರೆ ಕೈಕೊಟ್ಟವನಿಗೇ ಲಾಭ. ಇಲ್ಲಿ ಅದೇ ಜೋಡಿ ಮತ್ತೆ ಮತ್ತೆ ಆಡಬೇಕಿತ್ತು. ಗೆದ್ದದ್ದು ಅನಟೋಲ್ ರ್‍ಯಾಪಪೋರ್ಟ್ ಕಳಿಸಿದ ಅತಿ ಸರಳ ಪ್ರೋಗ್ರಾಮ್: ಮೊದಲ ಸರದಿಯಲ್ಲಿ ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸರದಿಯಲ್ಲಿ ಮಾಡಿದ್ದನ್ನೇ ಮಾಡು. ಎಲ್ಲರೂ ಇನ್ನಷ್ಟು ತಯಾರಾಗಿ ಬಂದ ಎರಡನೇ ಪಂದ್ಯದಲ್ಲೂ ಅದೇ ಗೆದ್ದಿತು. ಇದನ್ನೆಲ್ಲ ಆ್ಯಕ್ಸೆಲ್‌ರಾಡ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದರಲ್ಲೊಂದು ಸೋಜಿಗವಿದೆ. ಆ ಪ್ರೋಗ್ರಾಮ್ ಯಾವ ಒಂದು ಜೋಡಿಯಾಟದಲ್ಲೂ ಎದುರಾಳಿಗಿಂತ ಹೆಚ್ಚು ಅಂಕ ಗಳಿಸಲಿಲ್ಲ. ಹೆಚ್ಚೆಂದರೆ ಸಮಸಮ. ಆದರೂ ಒಟ್ಟು ಮೊತ್ತದಲ್ಲಿ ಎಲ್ಲರಿಗಿಂತ ಮುಂದೆ.

ಕ್ಯಾಂಪಸ್ಸೂ ಹೀಗೆಯೇ. ಪ್ರವೇಶ ಪರೀಕ್ಷೆ ಒಂದು ದಿನದ್ದು. ಒಳಗೆ ಹೋದ ಮೇಲೆ ಅದೇ ಮುಖಗಳನ್ನು ಹಲವು ವರ್ಷ ನೋಡಬೇಕು, ಆಮೇಲೆ ನೌಕರಿಯ ಉದ್ದಕ್ಕೂ ಎದುರಾಗುತ್ತವೆ. ಆ ಗೆಳೆಯನನ್ನು ಎದುರಿಗೆ ಕೂಡಿಸಿಕೊಂಡು ‘ನೀ ಹಿಂಗ ಮಾಡಿದ್ದು ನನಗ ಬ್ಯಾಸರಾತು’ ಎಂದು ನೇರವಾಗಿ ಹೇಳು. ಮರೆತಿದ್ದನೋ ಮುಚ್ಚಿಟ್ಟನೋ ಎಂಬುದು ಅವನ ಮುಖದಲ್ಲೇ ಗೊತ್ತಾದೀತು. ಮುಂದಿನ ಸಲ ಅವನು ಕೇಳಿದಾಗ ಕೊಡಬೇಡ. ಅವನು ತಾನಾಗಿ ಏನಾದರೂ ತಂದುಕೊಟ್ಟ ದಿನ ಹಳೆಯದನ್ನು ಎತ್ತದೆ ನೀನೂ ಶುರು ಮಾಡು. ಉಳಿದ ಗೆಳೆಯರ ಜೊತೆ ಮೊದಲಿನಂತೆಯೇ ಇರು.

ಪ್ರಶ್ನೆ: ಮೂವರು ಕೂಡಿ ಅಸೈನ್‌ಮೆಂಟ್ ಮಾಡಿದೆವು. ಕಾಪಿ ಎಂದು ಮೂವರಿಗೂ ಸೊನ್ನೆ ಬಂತು. ಕೂಡಿ ಕಲಿಯಿರಿ ಎನ್ನುವವರೂ ಅವರೇ ಅಲ್ಲವೇ?
— ಶಿರಹಟ್ಟಿ

ಉತ್ತರ: ಕೂಡಿ ಚರ್ಚಿಸಬೇಕು, ಬೇರೆ ಬೇರೆ ಕೂತು ಬರೆಯಬೇಕು. ಚರ್ಚೆ ಮುಗಿಸಿ ಎದ್ದಾಗ ಕೈಯಲ್ಲಿ ಬರೆದ ಹಾಳೆ ಇರಬಾರದು. ಅರ್ಧ ತಾಸು ಬಿಟ್ಟು ನೆನಪಿನಿಂದಲೇ ಬರೆಯಲು ಬಂದರೆ ಅದು ನಿನ್ನದು, ಬರದಿದ್ದರೆ ಬೇರೆಯವರದು. ಯಾರೊಂದಿಗೆ ಚರ್ಚಿಸಿದೆ ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಕಾಣಿಸು. ಎಐ ಬಳಸಿದ್ದರೆ ಅದನ್ನೂ ಕಾಣಿಸು. ಎಷ್ಟರ ಮಟ್ಟಿಗೆ ಕೂಡಿ ಮಾಡಬಹುದು ಎಂಬುದನ್ನು ಕೆಲಸ ಶುರು ಮಾಡುವ ಮೊದಲೇ ಕೇಳಿಕೊಳ್ಳಬೇಕು. ಸೊನ್ನೆ ಬಂದ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ದೊಡ್ಡ ಸಂಸ್ಥೆಯ ಸೀಟು ಸಿಗಲಿಲ್ಲ. ಮನೆಯ ಪರಿಸ್ಥಿತಿಯಿಂದ ಇಲ್ಲೇ ಗದಗಿನ ಕಾಲೇಜಿನಲ್ಲಿ ಬಿಬಿಎ ಓದುತ್ತಿದ್ದೇನೆ. ಅಂಥ ಕಡೆ ಓದುವವರ ಸ್ಪರ್ಧೆ, ಗೆಳೆತನ ಎರಡೂ ನಮಗೆ ಸಿಗುವುದಿಲ್ಲವಲ್ಲ ಎಂದು ಕೊರಗು. ನಾವು ಹಿಂದೆಯೇ ಉಳಿಯುತ್ತೇವೆಯೇ?
— ಗದಗ

ಉತ್ತರ: ತಂಗೀ, ದೊಡ್ಡ ಸಂಸ್ಥೆಯ ಪಠ್ಯಪುಸ್ತಕಗಳು ನಿನಗೂ ಸಿಗುತ್ತವೆ. ಅಲ್ಲಿ ಸಿಕ್ಕು ಇಲ್ಲಿ ಸಿಗದಿರುವುದು ಮುಖ್ಯವಾಗಿ ಒಂದೇ: ಬೆಳಗಾದರೆ ನಿನ್ನ ಮಾತನ್ನು ಪ್ರಶ್ನಿಸುವ ನಾಲ್ಕು ಜನ. ಅದನ್ನು ಕಟ್ಟಿಕೊಳ್ಳಬೇಕು. ಕಟ್ಟುವ ವಿದ್ಯೆಗೆ ಮಾದರಿ ಬೇಕಾದರೆ ನಿನ್ನ ತಾಲ್ಲೂಕಿನಲ್ಲೇ ಇದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ಕಣಗಿನಹಾಳದ್ದು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು 1905ರಲ್ಲಿ ಅದನ್ನು ಕಟ್ಟಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. ಆ ಕಾಯ್ದೆಯಡಿ ಹಳ್ಳಿಯ ಸಂಘಗಳದ್ದು ಅಪರಿಮಿತ ಹೊಣೆ. ಸಾಲ ತೆಗೆದವನೊಬ್ಬ ಮುಳುಗಿದರೆ ಬಾಕಿಗೆ ಉಳಿದ ಸದಸ್ಯರೂ ಹೊಣೆಗಾರರು. ಹಾಗಾಗಿ ಯಾರಿಗೆ ಸಾಲ, ಎತ್ತಿಗೋ ಮದುವೆಗೋ, ಮಳೆ ಬಾರದಿದ್ದರೆ ಹೇಗೆ ತೀರಿಸುತ್ತಾನೆ ಎಂದು ಪ್ರತಿಯೊಬ್ಬರೂ ಕೇಳಲೇಬೇಕಾಗಿತ್ತು. ಸಹಕಾರವನ್ನು ನಾವು ಒಳ್ಳೆಯತನವೆಂದು ಹೊಗಳಿ ಸುಮ್ಮನಾಗುತ್ತೇವೆ. ಅದು ನಿಲ್ಲುವುದು ಎಲ್ಲರಿಗೂ ಕಾಣುವ ಲೆಕ್ಕದ ಮೇಲೆ, ಎಲ್ಲರೂ ಹೊತ್ತ ಹೊಣೆಯ ಮೇಲೆ. ಈ ಅಂಕಣದ ಉಳಿದ ಪತ್ರಗಳಿಗೂ ನನ್ನ ಉತ್ತರದ ತಿರುಳು ಇದೇ.

ನೀನು ಮಾಡಬೇಕಾದದ್ದು ಹೀಗೆ. ಐದು ಜನರನ್ನು ಕೂಡಿಸು. ಗದಗಿನ ಎಪಿಎಂಸಿ ಯಾರ್ಡಿಗೆ ಹೆಸರುಕಾಳು, ಶೇಂಗಾ, ಉಳ್ಳಾಗಡ್ಡಿ, ಒಣಮೆಣಸಿನಕಾಯಿ ಬರುವ ಹಂಗಾಮಿನಲ್ಲಿ ಹೋಗಿರಿ. ಒಬ್ಬರು ಮಾಲು ತಂದ ರೈತನ ಜೊತೆ ಇರಲಿ, ಒಬ್ಬರು ಅಡತಿ ಅಂಗಡಿಯಲ್ಲಿ, ಒಬ್ಬರು ಟೆಂಡರ್ ಹಾಕುವ ಖರೀದಿದಾರನ ಬಳಿ, ಒಬ್ಬರು ಹಮಾಲರ ಬಳಿ, ಒಬ್ಬರು ಲಾರಿ ತುಂಬುವಲ್ಲಿ. ಒಂದೇ ಮಾಲಿನ ಬೆಲೆ ಹೊಲದಿಂದ ಲಾರಿಯವರೆಗೆ ಎಲ್ಲಿ ಎಷ್ಟು ಬದಲಾಯಿತೆಂದು ಬರೆದುಕೊಂಡು ಬನ್ನಿ. ಒಬ್ಬರ ಹಾಳೆ ತಪ್ಪಿದರೆ ಇಡೀ ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಹೊಣೆ ತಾನಾಗಿಯೇ ಐವರ ಮೇಲೂ ಬೀಳುತ್ತದೆ. ಬರೆದದ್ದನ್ನು ನಾಗಾವಿಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರಿಗೆ ತೋರಿಸಿ, ತಪ್ಪು ಹುಡುಕಿಕೊಡಿ ಎಂದು ಕೇಳಿ.

ದೊಡ್ಡ ಸಂಸ್ಥೆಗಳಲ್ಲಿ ಇಂಥ ಮಾರುಕಟ್ಟೆಯ ಕೇಸನ್ನು ಅಚ್ಚಾದ ಹಾಳೆಯಲ್ಲಿ ಓದಿ ಚರ್ಚಿಸುತ್ತಾರೆ. ನೀವು ಐವರು ಅದನ್ನು ಬರೆಯುವವರಾಗುತ್ತೀರಿ. ಮುಂದೆ ಎಂಬಿಎ ಇಂಟರ್ವ್ಯೂನಲ್ಲಿ ಆ ದೊಡ್ಡ ಸಂಸ್ಥೆಯ ಹುಡುಗರ ಪಕ್ಕ ಕೂತಾಗ, ನಿನ್ನ ಹತ್ತಿರ ಹೇಳಲು ಅವರ ಹತ್ತಿರ ಇಲ್ಲದ ಮಾತಿರುತ್ತದೆ.